ಪಟ್ಟದಕಲ್ಲಿನ ಎರಡು ಗುಡಿಗಳು, ಜೆಬೆದಾಯನ ಇಬ್ಬರು ಮಕ್ಕಳು

ಜುಲೈ 25 ಪ್ರೇಷಿತ ಸಂತ ಯಕೋಬರ ಹಬ್ಬ. ಅಂದಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ನಮಗೆಲ್ಲರಿಗೂ ಗೊತ್ತಿರುವುದೇ. ಜೆಬೆದಾಯನ ಹೆಂಡತಿ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಯೇಸುಸ್ವಾಮಿಯ ಬಳಿಗೆ ಬರುತ್ತಾಳೆ. ನಿಮ್ಮ ರಾಜ್ಯ ಬಂದಾಗ ಇವರಲ್ಲಿ ಒಬ್ಬನನ್ನು ಬಲಕ್ಕೂ ಇನ್ನೊಬ್ಬನನ್ನು ಎಡಕ್ಕೂ ಕೂರಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತಾಳೆ. ಸಂತ ಮಾರ್ಕನ ಶುಭಸಂದೇಶದಲ್ಲಿ ತಾಯಿಯ ಮಾತೇ ಇಲ್ಲ. ಮಕ್ಕಳೇ ನೇರವಾಗಿ ಬಂದು ಕೇಳುತ್ತಾರೆ. ಯಾರು ಕೇಳಿದರೂ ಸರಿಯೇ, ಸಂಗತಿ ಹೊರಬಿದ್ದ ಕೂಡಲೇ ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬಂತು. ಅದು ಧರ್ಮದ ಸಿಟ್ಟಲ್ಲ ಎಂದೇ ನಮ್ಮ ಎಣಿಕೆ. ತಮಗಿಂತ ಮೊದಲು ಇವರು ಹೋಗಿ ಕೇಳಿಬಿಟ್ಟರಲ್ಲ ಎಂಬ ಸಂಕಟ ಅದು.

ಆ ತಾಯಿಯನ್ನು ಓದಿದಾಗಲೆಲ್ಲ ನಮಗೆ ಬೇಸರಕ್ಕಿಂತ ಹೆಚ್ಚಾಗಿ ಗುರುತಿನವರು ಸಿಕ್ಕಂತೆ ಆಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ, ನಿನಗೆಷ್ಟು ಬಂತು. ಎರಡನೆಯದು, ಪಕ್ಕದ ಮನೆ ಹುಡುಗನಿಗೆಷ್ಟು ಬಂತು. ಎರಡನೆಯದಕ್ಕೆ ಉತ್ತರ ಸಿಕ್ಕ ಮೇಲೆಯೇ ಮೊದಲನೆಯದಕ್ಕೆ ಸಂತೋಷಪಡಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ. ಕ್ರಿಸ್ಮಸ್ ಬಂದರೆ ಗೋದಲಿ ಸ್ಪರ್ಧೆ, ಆಮೇಲೆ ಕ್ಯಾರಲ್ ಗಾಯನ ಸ್ಪರ್ಧೆ, ಬೈಬಲ್ ಕ್ವಿಜ್. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಹೆಸರಿನಲ್ಲಿ ಎರಡು ವಾರ್ಡಿನವರು ಮಾತು ಬಿಟ್ಟದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ.

ಈ ಹಬ್ಬಕ್ಕೆ ಓದುಗರನ್ನು ಗಲಿಲೇಯ ಸರೋವರದ ದಂಡೆಯಿಂದ ಸ್ವಲ್ಪ ದೂರ, ನಮ್ಮದೇ ಮಲಪ್ರಭೆಯ ದಂಡೆಗೆ ಕರೆದೊಯ್ಯಬೇಕು ಎನ್ನಿಸಿದೆ. ಕಾರಣ ಇಷ್ಟು.

ನಮ್ಮ ಧರ್ಮಕೇಂದ್ರದಲ್ಲಿ ಇಬ್ಬರು ವಾರಗಿತ್ತಿಯರು ಒಂದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಊರು, ಹೆಸರು ಬೇಡ. ಹಿರಿಯಳದು ಹಳೆಯ ಅಂಗಡಿ. ಇಳಕಲ್ ಸೀರೆಗೆ ಒಪ್ಪುವಂತೆ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಕಿರಿಯಳು ನಾಲ್ಕು ವರ್ಷದ ಹಿಂದೆ ಕರೆಂಟಿನ ಮಶೀನು ಹಾಕಿಕೊಂಡು ಫಾಲು, ಪಿಕೋ, ಹೊಸ ನಮೂನೆಯ ಕೊರಳು ಎಲ್ಲ ಶುರುಮಾಡಿದಳು. ಕಾಲೇಜು ಹುಡುಗಿಯರೆಲ್ಲ ಅತ್ತ ತಿರುಗಿದರು. ಒಂದು ಸಂಜೆ ಹಿರಿಯಳು ಪೂಜೆ ಹೇಳಿಸಲು ಬಂದಳು.

"ಅಂಗಡಿ ಚಲೋ ನಡೀಲಿ ಅಂತ ಒಂದು ಪೂಜಿ ಹೇಳ್ಬೇಕ್ರೀ ಫಾದರ್."

ಬರೆದುಕೊಂಡೆವು. ಆಕೆ ಹೊರಡಲಿಲ್ಲ.

"ಅದಕ್ಕ ಇನ್ನೊಂದು ಮಾತು ಸೇರಿಸ್ತೀರೇನ್ರೀ?"

"ಏನಮ್ಮಾ?"

"ಆಕಿ ಅಂಗಡಿಗೆ ಗಿರಾಕಿ ಕಡಿಮಿ ಆಗ್ಲಿ ಅಂತ."

ನಮಗೆ ನಗು ಬಂತು. ಆಕೆ ನಗಲಿಲ್ಲ. "ಎರಡೂ ಒಂದ ಅಲ್ಲೇನ್ರೀ? ಊರಾಗ ಇರೋ ಗಿರಾಕಿ ಅಷ್ಟ ಅದಾರ. ನನಗ ಬಂದ್ರ ಆಕೀಗಿಲ್ಲ, ಆಕೀಗೆ ಹೋದ್ರ ನನಗಿಲ್ಲ. ಮಗಳ ಫೀಜು ಎಲ್ಲಿಂದ ಕಟ್ಟಲಿ?"

ಆಕೆಯ ಲೆಕ್ಕ ತಪ್ಪಿರಲಿಲ್ಲ. ನಾವು ಮೊದಲನೆಯ ಉದ್ದೇಶವನ್ನು ಮಾತ್ರ ಬರೆದುಕೊಂಡು, ಎರಡನೆಯದು ಬರೆಯಲು ಬರುವುದಿಲ್ಲಮ್ಮಾ ಎಂದು ಹೇಳಿ ಕಳುಹಿಸಿದೆವು. ಅದು ಉತ್ತರವಲ್ಲ ಎಂಬುದು ನಮಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಧರ್ಮಕೇಂದ್ರದಿಂದ ಒಂದು ದಿನದ ಪ್ರವಾಸ ಹೊರಟಿತು. ಬಾದಾಮಿ, ಅಲ್ಲಿಂದ ಪಟ್ಟದಕಲ್ಲು, ಅಲ್ಲಿಂದ ಐಹೊಳೆ. ಇಬ್ಬರು ವಾರಗಿತ್ತಿಯರೂ ಬಂದಿದ್ದರು, ಬಸ್ಸಿನಲ್ಲಿ ಒಬ್ಬಳು ಮುಂದಿನ ಸೀಟು, ಇನ್ನೊಬ್ಬಳು ಹಿಂದಿನ ಸೀಟು.

ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಸುತ್ತಲಿನ ಬಂಡೆಯ ಬಣ್ಣ ನೋಡಿದವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಬಾದಾಮಿಯ ಚಾಲುಕ್ಯ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದ ಜಾಗವಾದ್ದರಿಂದ ಪಟ್ಟದ ಕಿಸುವೊಳಲ್ ಆಯಿತು. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಹೊಳೆಯ ಪಕ್ಕದ ಒಂದೇ ಅಂಗಳದಲ್ಲಿ ಉತ್ತರದ ನಾಗರ ಶೈಲಿಯ ಗುಡಿಗಳೂ ದಕ್ಷಿಣದ ದ್ರಾವಿಡ ಶೈಲಿಯ ಗುಡಿಗಳೂ ಅಕ್ಕಪಕ್ಕ ನಿಂತಿವೆ. ಗಳಗನಾಥ, ಜಂಬುಲಿಂಗ, ಕಾಡಸಿದ್ಧೇಶ್ವರ, ಕಾಶಿವಿಶ್ವನಾಥ ಒಂದು ಬಗೆ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಇನ್ನೊಂದು ಬಗೆ. ಸ್ವಲ್ಪ ದೂರದ ಪಾಪನಾಥದಲ್ಲಿ ಎರಡೂ ಬೆರೆತಿವೆ. ಊರ ಹೊರಗೆ ರಾಷ್ಟ್ರಕೂಟರ ಕಾಲದ ಜೈನ ಬಸದಿಯೂ ಇದೆ. ಯುನೆಸ್ಕೊ 1987ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಅನ್ಯಧರ್ಮದ ಪೂಜಾಸ್ಥಳದಲ್ಲಿ ಕ್ರೈಸ್ತರಿಗೇನು ಕೆಲಸ ಎಂದು ಕೇಳುವವರು ಈಗಲೂ ಒಬ್ಬಿಬ್ಬರಿರುತ್ತಾರೆ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಳ್ಳಿಹಾಕುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದ್ದನ್ನು ಅವರಿಗೆ ನೆನಪಿಸಿ ಮುಂದೆ ಹೋಗೋಣ.

ವಿರೂಪಾಕ್ಷವೂ ಮಲ್ಲಿಕಾರ್ಜುನವೂ ತೀರ ಹತ್ತಿರ ಹತ್ತಿರ ಇವೆ. ಎರಡನೇ ವಿಕ್ರಮಾದಿತ್ಯ ಸುಮಾರು 733ರಿಂದ 744ರವರೆಗೆ ಆಳಿದ ದೊರೆ. ಹೈಹಯ ವಂಶದ ಒಡಹುಟ್ಟಿದ ಅಕ್ಕತಂಗಿಯರಿಬ್ಬರೂ ಅವನ ರಾಣಿಯರಾಗಿದ್ದರು. ಅಕ್ಕ ಲೋಕಮಹಾದೇವಿ, ತಂಗಿ ತ್ರೈಲೋಕ್ಯಮಹಾದೇವಿ. ಅಕ್ಕ ಕಟ್ಟಿಸಿದ್ದು ಲೋಕೇಶ್ವರ, ಅದೇ ಇಂದಿನ ವಿರೂಪಾಕ್ಷ. ತಂಗಿ ಕಟ್ಟಿಸಿದ್ದು ತ್ರೈಲೋಕೇಶ್ವರ, ಅದೇ ಇಂದಿನ ಮಲ್ಲಿಕಾರ್ಜುನ. ನಕ್ಷೆ ಹೆಚ್ಚು ಕಡಿಮೆ ಒಂದೇ. ತಂಗಿಯದು ಅಳತೆಯಲ್ಲಿ ಸ್ವಲ್ಪ ಚಿಕ್ಕದು, ಶಿಖರದ ತುದಿ ದುಂಡಗೆ. ಅಕ್ಕನದರಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ನಾವು ಇಷ್ಟು ಹೇಳುವುದೇ ತಡ, ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿಬಿಟ್ಟಳು. "ಅಕ್ಕನ ಗುಡಿ ದೊಡ್ಡದಾತು ಅಂತ ತಂಗೀಗೆ ಹೊಟ್ಟಿಕಿಚ್ಚು ಬರಲಿಲ್ಲೇನ್ರೀ ಫಾದರ್?"

ಎಲ್ಲರೂ ನಕ್ಕರು. ಇಬ್ಬರು ನಗಲಿಲ್ಲ.

ಹುಡುಗಿಯ ಪ್ರಶ್ನೆ ಚಿಕ್ಕದಲ್ಲ. ಪಟ್ಟದಕಲ್ಲಿನ ಕಲ್ಲು ಕಲ್ಲಿನಲ್ಲೂ ಪೈಪೋಟಿಯಿದೆ. ವಿರೂಪಾಕ್ಷದ ಪೂರ್ವದ ಬಾಗಿಲಿನ ಶಾಸನ ಆ ಗುಡಿಯನ್ನು ಕಂಚಿಯನ್ನು ಮೂರು ಬಾರಿ ಗೆದ್ದ ದೊರೆಯ ರಾಣಿಯ ಗುಡಿ ಎಂದೇ ಕರೆಯುತ್ತದೆ. ಗುಡಿ ಎದ್ದದ್ದೇ ಒಂದು ಗೆಲುವಿನ ನೆನಪಿಗೆ. ಆ ಗೆಲುವಿನ ಹಿಂದೆ ನೂರು ವರ್ಷದ ಹಗೆ ಇತ್ತು. ಇಮ್ಮಡಿ ಪುಲಕೇಶಿ ಪಲ್ಲವರ ಮೇಲೆ ಬಿದ್ದು, ಅವರ ಅರಸ ಕಂಚಿಯ ಕೋಟೆಗೋಡೆಯ ಹಿಂದೆ ಅವಿತುಕೊಳ್ಳುವಂತೆ ಮಾಡಿದ್ದನ್ನು 634ರ ಐಹೊಳೆ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಅದನ್ನು ಬರೆದ ರವಿಕೀರ್ತಿಯೂ ಕಡಿಮೆಯವನಲ್ಲ. ಕೀರ್ತಿಯಲ್ಲಿ ತಾನು ಕಾಳಿದಾಸ, ಭಾರವಿಯರಿಗೆ ಸಮ ಎಂದು ಅದೇ ಶಾಸನದ ಕೊನೆಗೆ ಸೇರಿಸಿದ್ದಾನೆ. ಆದರೆ ಪಲ್ಲವರು ಮರೆಯಲಿಲ್ಲ. 642ರಲ್ಲಿ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದು, ವಾತಾಪಿಕೊಂಡ ಎಂಬ ಬಿರುದು ಹಚ್ಚಿಕೊಂಡು, ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಸೋತವರ ಊರಿನಲ್ಲಿ ಗೆದ್ದವನ ಬರಹ. ರಾಜಧಾನಿ ಚಾಲುಕ್ಯರ ಕೈಗೆ ಮರಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಹೀಗಿರುವಾಗ ಅವನ ವಂಶದ ಎರಡನೇ ವಿಕ್ರಮಾದಿತ್ಯ ಕಂಚಿಯ ಒಳಗೆ ಕಾಲಿಟ್ಟರೆ ಏನು ಮಾಡಬೇಕು? ನಮ್ಮ ಬೀದಿಯ ನ್ಯಾಯದಂತೆ ಸುಟ್ಟು ಬೂದಿ ಮಾಡಬೇಕು. ಅವನು ಹಾಗೆ ಮಾಡಲಿಲ್ಲ. ರಾಜಸಿಂಹ ಪಲ್ಲವ ಕಟ್ಟಿಸಿದ್ದ ಕೈಲಾಸನಾಥ ಗುಡಿಗೆ ಹೋದ, ಅಲ್ಲಿನ ಸಂಪತ್ತನ್ನು ನೋಡಿದ, ಅದನ್ನು ಹೊತ್ತೊಯ್ಯದೆ ಗುಡಿಗೇ ಬಿಟ್ಟುಕೊಟ್ಟ. ಈ ಮಾತನ್ನು ಹೇಳುವ ಕನ್ನಡ ಶಾಸನವೊಂದು ಇಂದಿಗೂ ಕಂಚಿಯ ಆ ಗುಡಿಯ ಕಂಬದ ಮೇಲಿದೆ. ಅವನ ಮಗ ಹೊರಡಿಸಿದ ಕೆಂದೂರು ತಾಮ್ರಪಟವೂ ಅವನು ಕಂಚಿಯನ್ನು ನಾಶಮಾಡಲಿಲ್ಲ, ಬಡಬಗ್ಗರಿಗೆ ದಾನ ಮಾಡಿದ ಎನ್ನುತ್ತದೆ. ಅರಸರ ಕಡೆಯವರೇ ಬರೆಸಿದ್ದು, ಹೊಗಳಿಕೆ ಸೇರಿರಬಹುದು. ಹೊಗಳಿಕೆಯೆಂದೇ ಇಟ್ಟುಕೊಳ್ಳಿ. ಸುಟ್ಟದ್ದಕ್ಕೆ ಹೊಗಳಿಸಿಕೊಳ್ಳದೆ ಉಳಿಸಿದ್ದಕ್ಕೆ ಹೊಗಳಿಸಿಕೊಂಡನಲ್ಲ, ನಮಗೆ ಅಷ್ಟೇ ಸಾಕು.

ಇನ್ನೂ ದೊಡ್ಡ ಸಂಗತಿ ಮುಂದಿದೆ. ಗೆದ್ದವನ ರಾಣಿ ತನ್ನ ಊರಿನಲ್ಲಿ ಗೆಲುವಿನ ಗುಡಿ ಕಟ್ಟಿಸುವಾಗ ಯಾವ ಗುಡಿಯನ್ನು ಮಾದರಿಯಾಗಿ ಇಟ್ಟುಕೊಂಡಳು? ಸೋತವರ ಗುಡಿಯನ್ನು. ಕಂಚಿಯ ಕೈಲಾಸನಾಥವನ್ನು ನೋಡಿ ಬಂದವರಿಗೆ ವಿರೂಪಾಕ್ಷದ ಸುತ್ತುಗೋಡೆ, ಗೋಡೆಗುಂಟ ಇರುವ ಚಿಕ್ಕ ಗುಡಿಗಳು, ಗೋಪುರಬಾಗಿಲು ಎಲ್ಲ ನೆಂಟಸ್ತನ ಹೇಳುತ್ತವೆ. ಶಿಲ್ಪಿಗಳನ್ನು ಕಂಚಿಯಿಂದಲೇ ಕರೆತಂದರೋ, ಇಲ್ಲಿಯವರೇ ಅಲ್ಲಿ ನೋಡಿ ಕಲಿತರೋ ಎಂಬ ಬಗ್ಗೆ ವಿದ್ವಾಂಸರು ಒಮ್ಮತದಲ್ಲಿಲ್ಲ. ಕಲಿತದ್ದಂತೂ ನಿಜ. ಆಮೇಲೆ ರಾಷ್ಟ್ರಕೂಟರು ಬಂದು ಇದೇ ಚಾಲುಕ್ಯರನ್ನು ಉರುಳಿಸಿದರು. ಅವರ ದೊರೆ ಒಂದನೇ ಕೃಷ್ಣನ ಕಾಲದಲ್ಲಿ ಎಲ್ಲೋರದಲ್ಲಿ ಒಂದೇ ಬೆಟ್ಟವನ್ನು ಕಡಿದು ಕೈಲಾಸ ದೇವಾಲಯ ಮಾಡಿದಾಗ, ಅವರ ಕಣ್ಣಮುಂದೆ ಇದ್ದದ್ದು ಪಟ್ಟದಕಲ್ಲಿನ ವಿರೂಪಾಕ್ಷ ಎಂದು ಕಲೆಯ ಇತಿಹಾಸ ಬಲ್ಲವರು ಹೇಳುತ್ತಾರೆ. ಕಂಚಿಯಿಂದ ಪಟ್ಟದಕಲ್ಲಿಗೆ, ಪಟ್ಟದಕಲ್ಲಿನಿಂದ ಎಲ್ಲೋರಕ್ಕೆ. ಮೂರು ರಾಜ್ಯಗಳು ಒಂದನ್ನೊಂದು ಬಡಿದವು, ಮೂರೂ ಹೋದವು. ಒಬ್ಬರಿಂದ ಒಬ್ಬರು ಕಲಿತ ಕೆಲಸ ಮಾತ್ರ ಮೂರೂ ಊರುಗಳಲ್ಲಿ ನಿಂತಿದೆ.

ಕೆಲಸ ಮಾಡಿದವರ ಕತೆಯೂ ಪೈಪೋಟಿಯದೇ. ಲೋಕೇಶ್ವರ ಗುಡಿಯ ಸೂತ್ರಧಾರಿ ಗುಂಡ ಎಂಬವನು. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಸರ್ವಸಿದ್ಧಿ ಆಚಾರಿ ಎಂಬವನನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಶಾಸನ ಹೊಗಳುತ್ತದೆ. ಮನೆ, ಅರಮನೆ, ವಾಹನ, ಪೀಠ, ಮಂಚ, ಕಿರೀಟ ಎಲ್ಲವನ್ನೂ ಮಾಡಬಲ್ಲವನು ಎಂದು ಪಟ್ಟಿ ಕೊಡುತ್ತದೆ. ಇಂದಿನ ಅಂಗಡಿಯ ಬೋರ್ಡಿನಂತೆಯೇ ಇದೆ ಎಂದು ನಮ್ಮ ಜೊತೆಗಿದ್ದ ಬಡಗಿಯೊಬ್ಬರು ಮೆಚ್ಚಿಕೊಂಡರು. ದುಗ್ಗಿ ಆಚಾರಿಯ ಮಗ ಬಲದೇವನಂಥ ಶಿಲ್ಪಿಗಳು ತಾವು ಕೆತ್ತಿದ್ದರ ಹತ್ತಿರ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಪಾಪನಾಥದಲ್ಲಿ ರೇವಡಿ ಓವಜ್ಜನ ಹೆಸರಿದೆ. ಪಟ್ಟದಕಲ್ಲಿನದೇ ಇನ್ನೊಂದು ಶಾಸನ ಅಚಲ ಎಂಬ ನಟನನ್ನು ಹೊಗಳುತ್ತದೆ. ಭರತನ ಮಾರ್ಗ ತಿಳಿದ ಅವನು ತನ್ನ ಮಾತಿನ ಸಿಡಿಲಿನಿಂದ ಎದುರಾಳಿ ನಟರ ಸೊಕ್ಕಿನ ಬೆಟ್ಟವನ್ನೇ ಒಡೆದನಂತೆ. ಸಾವಿರದ ಇನ್ನೂರು ವರ್ಷದ ಹಿಂದೆಯೂ ನಾಟಕದವರು ನಾಟಕದವರನ್ನು ಸಹಿಸುತ್ತಿರಲಿಲ್ಲ ಎಂದಾಯಿತು.

ಆದರೆ ಗಮನಿಸಿ. ಗುಂಡನಿಗೆ ಬಿರುದು ಕೊಡಲು ಸರ್ವಸಿದ್ಧಿಯ ಹೆಸರು ಅಳಿಸಬೇಕಾಗಲಿಲ್ಲ. ಇಬ್ಬರೂ ಒಂದೇ ಊರಿನ ಕಲ್ಲಿನಲ್ಲಿ ಉಳಿದರು. ಲೋಕಮಹಾದೇವಿಯೂ ಅಷ್ಟೇ. ತನ್ನ ಮಾವ ವಿಜಯಾದಿತ್ಯ ಇದೇ ಅಂಗಳದಲ್ಲಿ ಸಂಗಮೇಶ್ವರವನ್ನು ಕಟ್ಟಿಸತೊಡಗಿ, ಅದು ಪೂರ್ತಿ ಮುಗಿಯುವ ಮೊದಲೇ ತೀರಿಕೊಂಡಿದ್ದ. ಅವನು ಹಾಡುಗಾರರಿಗೆ ಹಾಕಿಕೊಟ್ಟಿದ್ದ ಉಂಬಳಿಯನ್ನು ಸೊಸೆ ಕಿತ್ತುಕೊಂಡು ತನ್ನವರಿಗೆ ಹಂಚಲಿಲ್ಲ, ಹಾಗೆಯೇ ನಡೆದು ಬರಲಿ ಎಂದು ಶಾಸನ ಹಾಕಿಸಿದಳು. ಹೊಸದಾಗಿ ಅಧಿಕಾರಕ್ಕೆ ಬಂದವರು ಹಿಂದಿನವರ ಕೆಲಸಕ್ಕೆಲ್ಲ ಸುಣ್ಣ ಬಳಿಯುವುದನ್ನು ಕಂಡ ನಮ್ಮ ಕಣ್ಣಿಗೆ ಇದು ಸಣ್ಣದಾಗಿ ಕಾಣುವುದಿಲ್ಲ. ಧರ್ಮಕೇಂದ್ರಗಳಿಗೆ ವರ್ಗವಾಗಿ ಬರುವ ನಾವು ಗುರುಗಳೂ ಈ ಮಾತನ್ನು ಕೇಳಿಸಿಕೊಳ್ಳಬೇಕು.

ಇನ್ನು ತಂಗಿಯ ವಿಷಯ. ಗುಡಿ ಚಿಕ್ಕದಾದರೂ ರಾಜ್ಯ ಬಂದದ್ದು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ. ಅವನೇ ಎರಡನೇ ಕೀರ್ತಿವರ್ಮ. ಅವನ ಕಾಲದಲ್ಲಿ, 754ರಲ್ಲಿ, ಗಂಗೆಯ ಉತ್ತರ ದಂಡೆಯಿಂದ ಬಂದ ಜ್ಞಾನಶಿವಾಚಾರ್ಯರೆಂಬ ಗುರುಗಳು ಇಲ್ಲಿ ಒಂದು ಕಂಬ ನಿಲ್ಲಿಸಿದರು. ಅದರ ಮೇಲಿನ ಶಾಸನ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ ಇದೆ. ಅಕ್ಕನ ಗುಡಿ, ತಂಗಿಯ ಗುಡಿ ಎರಡರ ಮಾತೂ ಅದೊಂದೇ ಕಂಬದ ಮೇಲೆ ಬರುತ್ತದೆ. ಮಗ ದೊರೆಯಾದ ಮೇಲೂ ದೊಡ್ಡಮ್ಮನ ಹೆಸರು ಹೋಗಲಿಲ್ಲ. ಆ ಹೊತ್ತಿಗೆ ರಾಷ್ಟ್ರಕೂಟ ದಂತಿದುರ್ಗ ರಾಜ್ಯದ ಬಹುಭಾಗವನ್ನು ನುಂಗಿಯಾಗಿತ್ತು. ಕಂಬ ನಿಂತ ಕೆಲವೇ ವರ್ಷಗಳಲ್ಲಿ ಚಾಲುಕ್ಯರ ಪಟ್ಟವೇ ಇಲ್ಲವಾಯಿತು.

ಪೈಪೋಟಿ ಪಾಪವೇ? ಹೌದು ಎಂದು ಹೇಳಿಬಿಡುವುದು ಪ್ರಬೋಧನೆ ಮಾಡುವವರಿಗೆ ಸುಲಭ. ಧರ್ಮಸಭೆ ಹಾಗೆ ಹೇಳಿಲ್ಲ. ಜಗದ್ಗುರು ಹನ್ನೊಂದನೇ ಪಯಸ್ ಅವರು 1931ರ ತಮ್ಮ ಪರಿಪತ್ರದಲ್ಲಿ, ಮಿತಿಯೊಳಗಿದ್ದರೆ ಸ್ಪರ್ಧೆ ನ್ಯಾಯವಾದದ್ದು, ಉಪಯೋಗವೂ ಉಂಟು, ಆದರೆ ಇಡೀ ಆರ್ಥಿಕ ಜೀವನದ ಚುಕ್ಕಾಣಿಯನ್ನು ಅದರ ಕೈಗೆ ಕೊಡಲಾಗದು ಎಂದಿದ್ದಾರೆ. ಜಗದ್ಗುರು ಎರಡನೇ ಜಾನ್ ಪಾಲ್ ಅವರು 1981ರಲ್ಲಿ ದುಡಿಮೆಯ ಕುರಿತು ಬರೆದಾಗ, ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ ಎಂಬುದನ್ನು ತಿರುತಿರುಗಿ ಹೇಳಿದರು. ಯೇಸುಸ್ವಾಮಿಯೂ ಯಕೋಬ, ಯೊವಾನ್ನರಿಗೆ ದೊಡ್ಡವರಾಗುವ ಆಸೆಯೇ ಬೇಡ ಎನ್ನಲಿಲ್ಲ. ದೊಡ್ಡವನಾಗಬೇಕೆಂದಿರುವವನು ಏನು ಮಾಡಬೇಕು ಎಂದು ಹೇಳಿದರು. ಆಸೆಯನ್ನು ಕೊಲ್ಲಲಿಲ್ಲ, ದಾರಿ ತಿರುಗಿಸಿದರು.

ಸಂತ ಪೌಲರಿಗಂತೂ ಓಟದ ಪಂದ್ಯವೆಂದರೆ ಇಷ್ಟವೇ ಇದ್ದಿರಬೇಕು. ಅವರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಓಟಗಾರನ ಮಾತು ತೆಗೆದರೆ ಅಲ್ಲಿಯವರಿಗೆ ತಟ್ಟನೆ ತಿಳಿಯುತ್ತಿತ್ತು, ಏಕೆಂದರೆ ಎರಡು ವರ್ಷಕ್ಕೊಮ್ಮೆ ಅವರ ಊರಿನ ಹತ್ತಿರವೇ ಇಸ್ತ್‌ಮಿಯ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಎಲೆಗಳ ಕಿರೀಟ. ಎಲೆ ಎರಡು ದಿನಕ್ಕೆ ಬಾಡುತ್ತದೆ. ಓಡುವವರೆಲ್ಲರಲ್ಲಿ ಬಹುಮಾನ ಒಬ್ಬನಿಗೇ ಎಂಬುದನ್ನು ಪೌಲರು ಒಪ್ಪುತ್ತಾರೆ. ಒಪ್ಪಿ, ನೀವೆಲ್ಲರೂ ಗೆಲ್ಲುವವನಂತೆಯೇ ಓಡಿ ಎನ್ನುತ್ತಾರೆ. ಅವರ ಮನಸ್ಸಿನಲ್ಲಿದ್ದ ಕಿರೀಟ ಬಾಡದ್ದು, ಅಷ್ಟೇ ಅಲ್ಲ, ಒಬ್ಬ ಪಡೆದರೆ ಇನ್ನೊಬ್ಬನಿಗೆ ತಪ್ಪಿಹೋಗುವಂಥದ್ದೂ ಅಲ್ಲ.

ಹಾಗಾದರೆ ನಮ್ಮ ಹೊಲಿಗೆಯಾಕೆಯ ಲೆಕ್ಕ? ಊರಿನ ಗಿರಾಕಿ ಬಾಡದ ಕಿರೀಟವಲ್ಲ. ಅದು ಎಣಿಸಿದಷ್ಟೇ ಇರುತ್ತದೆ. ಎರಡು ಅಂಗಡಿಗೆ ಸಾಲದ ಊರುಗಳಿವೆ. ದೇವರನ್ನು ನಂಬಿದರೆ ಎರಡೂ ಅಂಗಡಿ ತುಂಬಿ ತುಳುಕುತ್ತವೆ ಎಂದು ಶುಭಸಂದೇಶ ಎಲ್ಲೂ ಮಾತು ಕೊಟ್ಟಿಲ್ಲ, ನಾವೂ ಕೊಡಬಾರದು. ಜೆಬೆದಾಯನ ಮಕ್ಕಳ ಪ್ರಸಂಗ ಬರುವ ಮತ್ತಾಯನ 20ನೇ ಅಧ್ಯಾಯ ಶುರುವಾಗುವುದೇ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಿಂದ. ಬೆಳಗಿನಿಂದ ದುಡಿದವರಿಗೆ ಮಾತಾಡಿದಷ್ಟು ಕೂಲಿ ಸಿಕ್ಕಿತ್ತು, ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಅವರ ಗೊಣಗಾಟ ಸಂಜೆ ಬಂದವನ ಕೈಯಲ್ಲಿದ್ದ ನಾಣ್ಯವನ್ನು ಕಂಡು. ನನಗೆ ಬರಲಿ ಎಂಬುದು ಒಂದು ಪ್ರಾರ್ಥನೆ, ಆಕೆಗೆ ಹೋಗದಿರಲಿ ಎಂಬುದು ಇನ್ನೊಂದು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಆಗಬಹುದು. ಮೊದಲನೆಯದನ್ನು ಬೇಡುವವಳು ನಾಳೆ ಬೆಳಿಗ್ಗೆ ತನ್ನ ಕತ್ತರಿಯನ್ನು ನೋಡುತ್ತಾಳೆ. ಎರಡನೆಯದನ್ನು ಬೇಡುವವಳು ಬೀದಿಯ ಆಚೆಯ ಬಾಗಿಲನ್ನು ನೋಡುತ್ತಾ ಕೂರುತ್ತಾಳೆ.

ಸಮಾನರ ನಡುವಿನ ಓಟ ಬೇರೆ, ಕಾಲು ಕಟ್ಟಿಸಿಕೊಂಡು ಓಡುವುದು ಬೇರೆ. ಇದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಇಳಕಲ್ಲಿನ ನೇಕಾರರನ್ನು ಕೇಳಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೈಯಿಂದ ಕೊಂಡಿ ಹಾಕಿ ಜೋಡಿಸುತ್ತಾರೆ, ಆಮೇಲೆ ಟೋಪ ತೆನಿಯ ಕೆಂಪು ಸೆರಗು ಏಳುತ್ತದೆ. ಹೆಂಗಸರ ಎಷ್ಟೋ ಹೊತ್ತಿನ ದುಡಿಮೆ ಮಗ್ಗಕ್ಕೆ ಏರುವ ಮೊದಲೇ ಅದರಲ್ಲಿ ಸೇರಿರುತ್ತದೆ. ಪಾವರ್‌ಲೂಮಿನಲ್ಲಿ ಅದೇ ಬಣ್ಣದ, ಅದೇ ಅಂಚಿನ ಸೀರೆ ಅಗ್ಗಕ್ಕೆ ಬಂದು ಪಕ್ಕದಲ್ಲೇ ತೂಗುಹಾಕಿದರೆ ಅದನ್ನು ಪೈಪೋಟಿ ಎನ್ನುವುದು ಮಾತಿಗೆ ಮಾತ್ರ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು ಸಂಸತ್ತು 1985ರಲ್ಲಿ ಕಾಯಿದೆ ಮಾಡಿದ್ದು ಇದೇ ಕಾರಣಕ್ಕೆ. ಇಂಥಲ್ಲಿ ಸೋತವನಿಗೆ ತಾಳ್ಮೆಯ ಉಪದೇಶ ಮಾಡುವ ಮೊದಲು, ಸೀರೆ ಕೊಳ್ಳಲು ಹೋದಾಗ ನಾವು ಯಾವುದನ್ನು ಕೊಂಡೆವು ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಅರಸರ, ನಟರ ಪೈಪೋಟಿ ಹೇಳಿ ನಮ್ಮ ಮನೆಯದನ್ನು ಮುಚ್ಚಿಟ್ಟರೆ ಆದೀತೆ? ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಕಥೋಲಿಕರು ಎರಡು ಪಂಗಡವಾಗಿದ್ದರು. ಗೋವಾದ ಮೂಲಕ ಪೋರ್ಚುಗಲ್ ದೊರೆಯ ಪದ್ರುವಾದೊ ಹಕ್ಕು ಒಂದು ಕಡೆ, ರೋಮಿನ ಪ್ರೊಪಗಾಂಡಾ ಸಂಸ್ಥೆ ಇನ್ನೊಂದು ಕಡೆ. ಮಂಗಳೂರಿನಲ್ಲಿ, ಮುಂಬಯಿಯಲ್ಲಿ ಯಾವ ದೇವಾಲಯ ಯಾರದು, ಯಾವ ಗುರುಗಳ ಮಾತು ನಡೆಯಬೇಕು ಎಂದು ದಶಕಗಟ್ಟಲೆ ಜಗಳವಾಯಿತು. ಒಂದೇ ಪರಮಪ್ರಸಾದ, ಒಂದೇ ಜಪಮಾಲೆ, ಎರಡು ಅಂಗಡಿ. 1886ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡು ಭಾರತದಲ್ಲಿ ಧರ್ಮಾಧ್ಯಕ್ಷರ ಶ್ರೇಣಿಯನ್ನು ಸ್ಥಾಪಿಸಿದ ಮೇಲೆ ಕಾವು ಇಳಿಯತೊಡಗಿತು. ಗೋವಾ ಮತ್ತು ಪುಣೆಯ ಸೀಮೆಗಳಿಂದ ಬೇರ್ಪಡಿಸಿ ಬೆಳಗಾವಿ ಧರ್ಮಕ್ಷೇತ್ರವನ್ನು 1953ರಲ್ಲಿ ಮಾಡಿದಾಗ ಆ ಹಳೆಯ ಬಿಸಿ ಹೆಚ್ಚು ಜನಕ್ಕೆ ನೆನಪಿರಲಿಲ್ಲ. ಒಳ್ಳೆಯದೇ ಆಯಿತು. ಆದರೂ ಗೋದ್ಲಿಯ ಜಗಳ ಬಂದಾಗ ನಮ್ಮಂಥವರು ನೆನಪಿಟ್ಟುಕೊಳ್ಳಬೇಕಾದದ್ದೇ.

ಮತ್ತೆ ಜೆಬೆದಾಯನ ಮನೆಗೆ ಬರೋಣ. ಆ ತಾಯಿ ಬಲಗಡೆ, ಎಡಗಡೆ ಎಂದು ಕೇಳಿದ್ದಳಲ್ಲ, ಅವೇ ಎರಡು ಮಾತುಗಳು ಮತ್ತಾಯನ ಶುಭಸಂದೇಶದಲ್ಲಿ ಕಪಾಲಬೆಟ್ಟದ ಮೇಲೆ ಮತ್ತೆ ಬರುತ್ತವೆ. ಯೇಸುಸ್ವಾಮಿಯ ಬಲಕ್ಕೊಬ್ಬ, ಎಡಕ್ಕೊಬ್ಬ, ಇಬ್ಬರು ಕಳ್ಳರನ್ನು ಶಿಲುಬೆಗೇರಿಸಿದರು. ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರ ಪಟ್ಟಿಯನ್ನು ಮತ್ತಾಯ ಕೊಡುತ್ತಾನೆ. ಅದರಲ್ಲಿ ಜೆಬೆದಾಯನ ಮಕ್ಕಳ ತಾಯಿಯೂ ಇದ್ದಾಳೆ. ತಾನು ಬೇಡಿದ್ದ ಜಾಗ ಯಾವುದೆಂದು ಅವಳು ಅಂದು ಕಣ್ಣಾರೆ ಕಂಡಳು. ಓಡಿಹೋಗಲಿಲ್ಲ. ಅವಳ ಒಬ್ಬ ಮಗ ಯಕೋಬ ಪ್ರೇಷಿತರಲ್ಲೇ ಮೊದಲಿಗನಾದ, ಮೊದಲು ಸಾಯುವುದರಲ್ಲಿ. ಸುಮಾರು ಕ್ರಿ.ಶ. 44ರಲ್ಲಿ ಹೆರೋದ ಅಗ್ರಿಪ್ಪ ಅವನನ್ನು ಕತ್ತಿಯಿಂದ ಕೊಲ್ಲಿಸಿದ. ಇನ್ನೊಬ್ಬ ಮಗ ಯೊವಾನ್ನ ಎಲ್ಲರಿಗಿಂತ ಹೆಚ್ಚು ಕಾಲ ಬದುಕಿ, ಮುದುಕನಾಗಿ ಎಫೆಸದಲ್ಲಿ ತೀರಿಕೊಂಡ ಎಂಬುದು ಧರ್ಮಸಭೆಯ ಪರಂಪರೆ. ಇಬ್ಬರಲ್ಲಿ ಯಾರಿಗೆ ಬಲಗಡೆ, ಯಾರಿಗೆ ಎಡಗಡೆ ಎಂದು ಆಮೇಲೆ ಯಾರೂ ಕೇಳಿದಂತಿಲ್ಲ.

ಪಟ್ಟದಕಲ್ಲಿನಲ್ಲಿ ಅಂದು ಬಿಸಿಲೇರುತ್ತಿತ್ತು. ವಿರೂಪಾಕ್ಷವನ್ನು ನೋಡಿಕೊಂಡು ಮಲ್ಲಿಕಾರ್ಜುನಕ್ಕೆ ಬಂದೆವು. ಕಿರಿಯ ವಾರಗಿತ್ತಿ ಆಗಲೇ ಒಳಗೆ ಹೋಗಿ, ಕಂಬದ ಮೇಲಿನ ಪಂಚತಂತ್ರದ ಕತೆಗಳನ್ನು ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಿದ್ದಳು. ಹಿರಿಯಳು ಹೊರಗೆ ನೆರಳಿನಲ್ಲಿ ನಮ್ಮ ಪಕ್ಕ ನಿಂತಿದ್ದಳು. ಹುಡುಗಿಯ ಪ್ರಶ್ನೆ ಆಕೆಯ ತಲೆಯಿಂದ ಹೋಗಿರಲಿಲ್ಲ ಎಂದು ಕಾಣುತ್ತದೆ.

"ಫಾದರ್, ತಂಗಿ ಗುಡಿ ಮುಗಿಸಿದ ಮ್ಯಾಲ ಅಕ್ಕ ಒಂದು ಸಲನಾದ್ರೂ ಬಂದು ಒಳಗ ನೋಡಿದ್ಲೇನ್ರೀ?"

"ಅದನ್ನ ಕಲ್ಲಿನಾಗ ಬರೆದಿಲ್ಲಮ್ಮಾ" ಎಂದೆವು.

ಆಕೆ ಸ್ವಲ್ಪ ಹೊತ್ತು ಬಾಗಿಲಿನ ಕೆತ್ತನೆ ನೋಡುತ್ತಾ ನಿಂತಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.